ಜೊತೆಗಾತಿಯ ನಕ್ಷೆ

ನಮ್ಮೂರು ಯಾವ ನಕ್ಷೆಯಲ್ಲೂ ಇಲ್ಲ. ಬಸ್ಸಿನ ಬೋರ್ಡಿನ ಮೇಲೆ ಊರಿನ ಹೆಸರು ಬರೆಸಿ ಅಂತ ಮೂರು ಸಲ ಅರ್ಜಿ ಕೊಟ್ಟಿದ್ದೇವೆ. ಕಂಡಕ್ಟರುಗಳು ಈಗಲೂ 'ಹಂದಿ ಸ್ಟಾಪು ಇಳೀರಿ' ಅಂತಲೇ ಕೂಗುತ್ತಾರೆ. ಆದರೆ ನಮ್ಮೂರಿನ ಹಂದಿಗಳಿಗೆ ಮಾತ್ರ ಒಂದು ನಕ್ಷೆಯಿದೆ. ಹಾಳಾದ್ದು, ಅದನ್ನು ಬರೆಯುವುದರಲ್ಲಿ ನನ್ನ ಕೈಯೂ ಇತ್ತು. ಆರುನೂರ ಹನ್ನೆರಡು ಹಂದಿಗಳ ಕಿವಿ ಚಿವುಟಿದವಳು ನಾನು, ಚಿಕ್ಕತಾಯಿ.

ನಮ್ಮಲ್ಲಿ ಹುಡುಗಿ ಮದುವೆಯ ವಯಸ್ಸಿಗೆ ಬಂದರೆ, ಅವಳ ತಾಯಿಯ ಹಂದಿ ಹಾಕಿದ ಮರಿಗಳಲ್ಲಿ ಒಂದು ಹೆಣ್ಣನ್ನು ಅವಳ ಹೆಸರಿಗೆ ಬಿಡುತ್ತಾರೆ. ಅದು ಅವಳ ಜೊತೆಗಾತಿ. ಅವಳ ಹಿಂದೆಯೇ ಗಂಡನ ಮನೆಗೆ ಹೋಗುತ್ತದೆ. ಜೊತೆಗಾತಿ ಗಬ್ಬವಾದ ತಿಂಗಳು ಅವಳೂ ಬಸುರಿಯಾಗುತ್ತಾಳೆ. ಜೊತೆಗಾತಿ ಗಬ್ಬವಾಗದೆ ಬಸುರಿಯಾದವಳನ್ನು ನಮ್ಮೂರು ಕಂಡಿಲ್ಲ. ಹಂದಿಯದು ನಾಲ್ಕು ತಿಂಗಳೊಳಗೆ ಮುಗಿಯುತ್ತದೆ, ನಮ್ಮದು ಒಂಬತ್ತು. ಅದಕ್ಕೆ ಹನ್ನೆರಡಾದರೂ ನಮಗೆ ಒಂದೇ, ಸದ್ಯ, ಅಷ್ಟರಮಟ್ಟಿಗೆ ದೇವರು ಕಣ್ಣುಬಿಟ್ಟಿದ್ದಾನೆ. ಅದು ಸುಖವಾಗಿ ಈದರೆ ಇವಳೂ ಸುಖವಾಗಿ ಹೆರುತ್ತಾಳೆ. ಈಯುವಾಗ ಅದು ಸತ್ತರೆ ಇವಳೂ ಹೆರಿಗೆಯಲ್ಲಿ ಉಳಿಯುವುದಿಲ್ಲ. ಅಂಥ ಮನೆಯಲ್ಲಿ ಮುಂದಿನ ಐದು ತಿಂಗಳು ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ.

ಇದಕ್ಕೆಲ್ಲ ಊರು ಒಗ್ಗಿಹೋಗಿದೆ. ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರಿನ ಕೆಳಗೆ ಜೊತೆಗಾತಿಯ ಹೆಸರೂ ಅಚ್ಚಾಗುತ್ತದೆ. ಆಸ್ಪತ್ರೆಯಲ್ಲಿ ನರ್ಸಮ್ಮ ಬಸುರಿಯ ಕೈ ಹಿಡಿಯುವ ಮೊದಲೇ 'ನಿಮ್ಮದು ಸರಿಯಾಗಿ ತಿಂತಾ?' ಎಂದು ಹಂದಿಯನ್ನು ವಿಚಾರಿಸುತ್ತಾರೆ. ಎರಡು ಮಕ್ಕಳು ಸಾಕು ಅನ್ನುವ ಸರ್ಕಾರಿ ಬರಹವನ್ನು ಹಂದಿದೊಡ್ಡಿಯ ಗೋಡೆಗೇ ಬರೆದು ಹೋಗುತ್ತಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಕೈತೊಳೆದು ಸೀದಾ ಹಿತ್ತಲಿಗೆ ನಡೆದು ಮೊಲೆ ಎಣಿಸುತ್ತಾರೆ, ಹಂದಿಯವು. ಹದಿನಾಲ್ಕಿದ್ದರೆ ಹುಡುಗಿಯ ನಾಲಿಗೆ ಎಷ್ಟು ಉದ್ದವಿದ್ದರೂ ನಡೆಯುತ್ತದೆ. ನನ್ನ ಮದುವೆ ಆದದ್ದೇ ಹಾಗೆ.

ನನ್ನ ಚೆಲುವಿಗೆ ಹದಿನಾಲ್ಕಿದ್ದವು. ಇದ್ದು ಏನು ಬಂತು? ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವಳು ಬೆದೆಗೆ ಬರಲಿಲ್ಲ. ತಿಂದಳು, ಮಲಗಿದಳು, ನನ್ನ ಸೀರೆಗೆ ಮೈ ಉಜ್ಜಿದಳು, ಅಷ್ಟೆ. ನಾನು ಅವಳಿಗೆ ಮೊಳಕೆ ಹುರುಳಿ ತಿನ್ನಿಸಿದೆ, ಎಳ್ಳೆಣ್ಣೆ ಕುಡಿಸಿದೆ, ಗಂಡುಹಂದಿಯ ಪಕ್ಕದ ದೊಡ್ಡಿಯಲ್ಲಿ ತಿಂಗಳುಗಟ್ಟಲೆ ಕಟ್ಟಿ ನೋಡಿದೆ. ಅದು ಗೋಡೆಯಾಚೆ ಹಲ್ಲು ಕಡಿಯುತ್ತಿದ್ದರೆ ಇವಳು ಗೊರಕೆ ಹೊಡೆಯುತ್ತಿದ್ದಳು. 'ಏನು ಚಿಕ್ಕತಾಯಿ, ನಿನ್ನ ಹಂದಿ ಸನ್ಯಾಸ ತಕ್ಕೊಂಡ್ಬಿಡ್ತಾ?' ಅನ್ನುವವರಿಗೆ 'ಹೂಂ, ನಿನ್ನ ಗಂಡನ್ನೂ ಕಳ್ಸು, ದೀಕ್ಷೆ ಕೊಡಿಸ್ತೀನಿ' ಅಂತ ಉತ್ತರ ಕೊಟ್ಟು ಮನೆಗೆ ಬಂದು ಅಳುತ್ತಿದ್ದೆ.

ನನಗೆ ಮಗು ಬೇಕಿತ್ತು. ಇದನ್ನು ಸುತ್ತಿಬಳಸಿ ಹೇಳುವುದಕ್ಕೆ ನನಗೆ ಬರುವುದಿಲ್ಲ. ಸಂತೆಯಲ್ಲಿ ಯಾರದೋ ಸೊಂಟದ ಮೇಲಿನ ಕೂಸು ನನ್ನ ಸೆರಗು ಹಿಡಿದರೆ ಬಿಡಿಸಿಕೊಳ್ಳಲು ಮನಸ್ಸಾಗದೆ ಅದರ ತಾಯಿಯ ಹಿಂದೆ ನಾಲ್ಕಂಗಡಿ ದಾಟಿ ಹೋಗುತ್ತಿದ್ದೆ. ಆ ತಾಯಿ ತಿರುಗಿ ನೋಡಿದಾಗ 'ಇದೇ ದಾರೀಲಿ ಹೋಗ್ತಿದ್ದೆ ಕಣವ್ವ' ಅಂತ ಸುಳ್ಳು ಹೇಳುತ್ತಿದ್ದೆ. ನನ್ನ ಗಂಡ ಕಾಳಿಂಗ ಬಸ್ ನಿಲ್ದಾಣದ ಹತ್ತಿರ ಪಂಕ್ಚರ್ ಹಾಕುತ್ತಾನೆ. ಒಳ್ಳೆಯವನು. ಮಗುವಿನ ಮಾತು ಎತ್ತಿದರೆ ಅವನಿಗೆ ತಟಕ್ಕನೆ ಏನೋ ಕೆಲಸ ನೆನಪಾಗುತ್ತಿತ್ತು.

ಡಾಕ್ಟರ್ ವಿಲ್ಮಾ ಸೆರಾವೊ ಬಂದದ್ದು ನನ್ನ ಮದುವೆಯ ಹತ್ತನೇ ವರ್ಷ. ಕರಾವಳಿ ಕಡೆಯವರು, ದನದ ಡಾಕ್ಟರಿಕೆ ಓದಿ ಹಂದಿಗೆ ಇಳಿದವರು. ಹಂದಿ ಯಾಕೆ ಹೆಚ್ಚು ಮರಿ ಹಾಕುತ್ತದೆ, ಯಾಕೆ ಕಡಿಮೆ ಹಾಕುತ್ತದೆ, ಯಾಕೆ ಹಾಕುವುದೇ ಇಲ್ಲ ಎಂಬುದೆಲ್ಲ ಅದರ ರಕ್ತದಲ್ಲಿ ಎಲ್ಲಿ ಬರೆದಿದೆ ಅಂತ ಹುಡುಕುವುದು ಅವರ ಕೆಲಸ. ನಮ್ಮೂರ ಹೆಂಗಸರಿಗೆ ತಮ್ಮ ಹಂದಿಯ ಏಳು ತಲೆಮಾರಿನ ತಾಯಂದಿರ ಹೆಸರು ಬಾಯಿಪಾಠ ಎಂದು ಯಾರೋ ಹೇಳಿದ್ದಕ್ಕೆ ಕುಣಿದುಕೊಂಡು ಬಂದಿದ್ದರು. ಹೆಂಗಸರಿಗೂ ಹಂದಿಗೂ ಇರುವ ಸಂಬಂಧ ಹೇಳಿದರೆ 'ಅದು ನನ್ನ ವಿಷಯ ಅಲ್ಲ ಮಾರಾಯ್ರೆ, ನಾನು ಹಂದಿಗೆ ಮಾತ್ರ ಡಾಕ್ಟರ್' ಅನ್ನುತ್ತಿದ್ದರು. ಹೊರಗಿನವರಿಗೆ ಜೊತೆಗಾತಿಯ ಮೈಮುಟ್ಟಲು ಯಾರೂ ಬಿಡದ ಕಾರಣ ನನ್ನನ್ನು ಕೆಲಸಕ್ಕೆ ಸೇರಿಸಿಕೊಂಡರು. ಒಂದು ಇಕ್ಕಳದಿಂದ ಕಿವಿಯ ಅಂಚಿನಲ್ಲಿ ಮೆಂತೆಕಾಳಿನಷ್ಟು ಚಿವುಟಿ ಸೀಸೆಗೆ ಹಾಕುವುದು, ಮೊಲೆ ಎಣಿಸುವುದು, ಈದ ಮನೆಗೆ ಹೋಗಿ ಬದುಕಿದ್ದೆಷ್ಟು ಸತ್ತಿದ್ದೆಷ್ಟು ಎಂದು ಕೇಳುವುದು ನನ್ನ ಪಾಲಿಗೆ ಬಂತು.

ಹಳೆಯ ಶಾಲೆಯ ಗೋಡೆಯ ಮೇಲೆ ಡಾಕ್ಟರು ಒಂದು ದೊಡ್ಡ ಹಾಳೆ ಅಂಟಿಸಿದ್ದರು. ಅದರಲ್ಲಿ ಉದ್ದುದ್ದ ಹತ್ತೊಂಬತ್ತು ಗೆರೆ. ಹಂದಿಯ ಮೈಯ ಒಂದೊಂದು ಕಣದಲ್ಲೂ ಹತ್ತೊಂಬತ್ತು ಜೊತೆ ಎಳೆಗಳಿವೆಯಂತೆ, ಪ್ರತಿ ಜೊತೆಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಹೆಚ್ಚು ಮರಿ ಹಾಕುವ ವಂಶಗಳಲ್ಲಿ ಮಾತ್ರ ಕಾಣುವ ಗುರುತು ಸಿಕ್ಕ ಜಾಗಕ್ಕೆ ಹಸಿರು ಗುಂಡುಸೂಜಿ, ಮೊಲೆಯ ಲೆಕ್ಕಕ್ಕೆ ಹಳದಿ, ತಡವಾಗಿ ಬೆದೆಗೆ ಬರುವುದಕ್ಕೆ ನೀಲಿ. ಹನ್ನೊಂದನೇ ಗೆರೆಯ ಮೇಲೆ ಒಂದೇ ಒಂದು ಕೆಂಪು. ಅದು ಈಯುವಾಗ ರಕ್ತ ನಿಲ್ಲದೆ ಸಾಯುವ ಹಂದಿಗಳದ್ದು.

'ಗುಂಡುಸೂಜಿ ಅಂದ್ರೆ ಹಣೆಬರಹ ಅಲ್ಲ ಚಿಕ್ಕತಾಯಿ. ಹೀಗಾಗುವ ಸಂಭವ ಜಾಸ್ತಿ ಅಂತ ಅಷ್ಟೆ,' ಎಂದು ಡಾಕ್ಟರು ಮತ್ತೆ ಮತ್ತೆ ಹೇಳುತ್ತಿದ್ದರು.

'ನನ್ ಚೆಲುವಿಗೆ ಯಾವ ಸೂಜಿ ಮೇಡಮ್?' ಎಂದು ನಾನು ದಿನಾ ಕೇಳುತ್ತಿದ್ದೆ. ನಾನು ಆ ಕೆಲಸಕ್ಕೆ ಸೇರಿದ್ದೇ ಅದಕ್ಕೆ. ಕೊರತೆ ಎಲ್ಲಿದೆ ಎಂದು ಗೊತ್ತಾದರೆ ಅದಕ್ಕೊಂದು ಮದ್ದೂ ಇದ್ದೀತು ಅಂತ ನನ್ನ ಆಸೆ.

'ಅವಳ ತಾಯಿದು, ಅಜ್ಜಿದು ಒಂದು ಚೂರು ಸಿಕ್ಕಿದ್ರೆ ಹೋಲಿಸಿ ಹೇಳಬಹುದಿತ್ತು. ಸತ್ತುಹೋಗಿವೆಯಲ್ಲ, ಎಂತ ಮಾಡುದು?'

ಸತ್ತರೇನು? ನಮ್ಮಲ್ಲಿ ಜೊತೆಗಾತಿ ಸತ್ತಾಗ ಕಿವಿಯ ತುದಿ ಕೊಯ್ದು, ಅರಿಶಿನ ಹಚ್ಚಿ ಒಣಗಿಸಿ, ಬಾಗಿಲ ಮೇಲಿನ ಗೂಡಿನಲ್ಲಿ ಇಡುತ್ತಾರೆ. ಊರಿನ ಆಚೆ ತುದಿಯಲ್ಲಿರುವ ನನ್ನ ಅವ್ವ ಮಲ್ಲಾಜಮ್ಮನ ಮನೆಯ ಗೂಡಿನಲ್ಲಿ ಮೂರು ಕಿವಿಗಳಿದ್ದವು. ಒಂದು ಅವ್ವನ ಹಂದಿಯದು. ಇನ್ನೊಂದು ಹೆರಿಗೆಯಲ್ಲಿ ತೀರಿಕೊಂಡ ಚಿಕ್ಕಮ್ಮನ ಹಂದಿಯದು. ಮೂರನೆಯದು ನನ್ನ ಅಕ್ಕ ದೊಡ್ಡತಾಯಿಯ ಹಂದಿಯದು. ಅಕ್ಕನೂ ಚೊಚ್ಚಲ ಹೆರಿಗೆಯಲ್ಲೇ ಹೋದಳು, ನನ್ನ ಮದುವೆಗೆ ಒಂದು ವರ್ಷ ಮುಂಚೆ. ನಾನು ಹೋಗಿ ಕೇಳಿದಾಗ ಅವ್ವ ಸ್ಟೂಲು ಹತ್ತಿ ಮೂರನ್ನೂ ತೆಗೆದುಕೊಟ್ಟಳು. 'ಸತ್ ಕಿವಿ ಏನ್ ಮಾತಾಡಾತು? ತಕ್ಕೊಂಡೋಗು,' ಅಂದಳು.

ಎರಡು ತಿಂಗಳ ಮೇಲೆ ಡಾಕ್ಟರು ನನ್ನನ್ನು ಕೂರಿಸಿ ಕಾಫಿ ಕೊಟ್ಟರು. ಅವರು ಎಂದೂ ತಾವಾಗಿ ಕಾಫಿ ಕೊಟ್ಟವರಲ್ಲ.

'ಮೂರೂ ಕಿವಿ ಒಂದೇ ವಂಶದ್ದು. ಮೂರರಲ್ಲೂ ಕೆಂಪು ಇದೆ. ಆದ್ರೆ ಚೆಲುವಿ ಈ ವಂಶಕ್ಕೆ ಸೇರಿದವಳೇ ಅಲ್ಲ. ನಿಮ್ಮ ತಾಯಿಯ ಹಂದಿ ಹೆತ್ತ ಮರಿಯಲ್ಲ ಅದು. ಮತ್ತೆ ಮೊನ್ನೆ ಸ್ಕ್ಯಾನ್ ಮಾಡಿದ್ದೆನಲ್ಲ, ಅವಳಿಗೆ ಗರ್ಭದ ಚೀಲವೇ ಬೆಳೆದಿಲ್ಲ. ಹುಟ್ಟುವಾಗಲೇ ಹಾಗೆ. ನೋಡಿ ಗೊತ್ತಿರುವವರಿಗೆ ಮರಿ ಇದ್ದಾಗಲೇ ಗೊತ್ತಾಗ್ತದೆ.'

ನಾನು ಕಾಫಿ ಕುಡಿಯಲಿಲ್ಲ. ಊರಿನ ಈ ತುದಿಯಿಂದ ಆ ತುದಿಗೆ ಹೇಗೆ ನಡೆದೆನೋ ಗೊತ್ತಿಲ್ಲ. ಅವ್ವ ಹಿತ್ತಲಲ್ಲಿ ಕಲಗಚ್ಚಿಗೆ ತವುಡು ಕಲೆಸುತ್ತಿದ್ದಳು.

'ಅವ್ವ, ಚೆಲುವಿ ನಿನ್ ಹಂದಿ ಮರಿ ಅಲ್ವಂತೆ.'

ಅವ್ವ ಕಲೆಸುವ ಕೈ ನಿಲ್ಲಿಸಲಿಲ್ಲ. 'ಯಾರಂದ್ರು?'

'ಕಿವಿ ಅಂತು.'

ಆಗ ಅವಳ ಕೈ ನಿಂತಿತು. ಬಕೆಟ್ಟಿನ ಅಂಚಿಗೆ ತವುಡು ಒರೆಸಿ ಅಲ್ಲೇ ಕಲ್ಲಿನ ಮೇಲೆ ಕುಳಿತಳು. 'ಸಂತೇಲಿ ಹುಡುಕಿ ತಂದೆ. ಮರಿ ಆಗ್ದೇ ಇರೋದೇ ಬೇಕು ಅಂತ ಕೇಳಿ ತಂದೆ,' ಅಂದಳು. 'ನಿಮ್ಮಕ್ಕನ್ನ ಐದ್ ತಿಂಗ್ಳು ನೋಡ್ದೆ ಕಣವ್ವ. ಹಂದಿ ಸತ್ತಿತ್ತು. ಇವ್ಳು ಹೊಟ್ಟೆ ಹೊತ್ಕಂಡು ಓಡಾಡವ್ಳು, ಕುಲಾವಿ ಹೊಲಿಯವ್ಳು. ಗೊತ್ತಿತ್ತು ಅವ್ಳಿಗೂ. ಅವ್ವ, ಬಣ್ಣ ಚೆನ್ನಾಗದಾ ಅಂತ ನನ್ನೇ ಕೇಳವ್ಳು. ಕೊನೆಗೆ ಕೂಸೂ ಉಳೀಲಿಲ್ಲ. ಆಮೇಲೆ ನಿನ್ ಮದ್ವೆ ಬಂತು. ಇನ್ನೊಂದ್ ಕಿತ ಆ ಐದ್ ತಿಂಗ್ಳು ನನ್ ಕೈಲಿ ಆಯ್ತಿರ್ಲಿಲ್ಲ.'

'ನನ್ನ ಕೇಳ್ಬೇಕಿತ್ತು.'

'ಕೇಳಿದ್ರೆ ನೀನು ಮಗಾ ಬೇಕು ಅಂತಿದ್ದೆ.'

'ಹೂಂ ಅಂತಿದ್ದೆ! ಸಾವಿರ ಸಲ ಅಂತಿದ್ದೆ!'

'ಅದಕ್ಕೇ ಕೇಳ್ಲಿಲ್ಲ.'

ನನಗೆ ಅವಳನ್ನು ಬೈಯಬೇಕೆಂದು ಬಾಯಿ ತುಂಬ ಮಾತು ಬಂದವು. ಜಗಳಕ್ಕೆ ಎಂದೂ ಮಾತು ಸಾಲದೆ ಹೋದವಳಲ್ಲ ನಾನು. ಆದರೆ ಗಂಟಲಿನಿಂದ ಹೊರಬಿದ್ದದ್ದು ಒಂದೇ ಮಾತು. 'ನನ್ದೆಲ್ಲಿ ಅವ್ವ? ನನ್ ಜೊತೆಗಾತಿ ಎಲ್ಲಿ?'

ಅವ್ವ ಗೋಡೆಯ ಬದಿಯ ದೊಡ್ಡಿಯ ಕಡೆ ಮುಖ ತಿರುಗಿಸಿದಳು. ಅಲ್ಲಿ ಅವಳ ಮಾರುವ ಹಂದಿ ಇತ್ತು. ಹಾಗಂತ ಅವಳು ಊರಿಗೆಲ್ಲ ಹೇಳಿದ್ದಳು, ಮಾರುವ ಹಂದಿ, ಒಳ್ಳೆ ಗಿರಾಕಿ ಬಂದಿಲ್ಲ ಅಂತ. ಹಬ್ಬಕ್ಕೆ ಬಂದಾಗಲೆಲ್ಲ ನಾನೇ ಅದಕ್ಕೆ ಕಲಗಚ್ಚು ಸುರಿದಿದ್ದೇನೆ. 'ಏನವ್ವ ಇನ್ನೂ ಮಾರ್ಲಿಲ್ವಾ ಈ ಮುದುಕೀನ' ಎಂದು ನಕ್ಕಿದ್ದೇನೆ. ಒಂದು ದಿನವೂ ಬಗ್ಗಿ ಅದರ ಮುಖ ನೋಡಿರಲಿಲ್ಲ.

ಈಗ ಬಗ್ಗಿದೆ. ಕಪ್ಪು ಹಂದಿ, ಹಣೆಯ ಮೇಲೆ ನರೆ ಬಂದಿತ್ತು, ಹೊಟ್ಟೆ ಎಂದೂ ಜೋತುಬೀಳದೆ ಹರೆಯದ ಹಂದಿಯದರ ಹಾಗೇ ಇತ್ತು. ಎದ್ದು ಬಂದು, ದೊಡ್ಡಿಯ ಬಾಯಿಗೆ ಅಡ್ಡ ಹಾಕಿದ್ದ ಬಿದಿರು ಗಳುಗಳ ಸಂದಿನಿಂದ ಮೂತಿ ಚಾಚಿ ನನ್ನ ಅಂಗೈ ಮೂಸಿತು. ಬೆಚ್ಚಗಿತ್ತು, ಒದ್ದೆಯಾಗಿತ್ತು. 'ಏನ್ ಹೆಸ್ರು ಇದ್ರುದು?' ಅಂದೆ.

'ಇಕ್ಕಿಲ್ಲ. ಹೆಸ್ರಿಕ್ಕಿದ್ರೆ ಯಾರ್ ಜೊತೆಗಾತಿ ಅಂತ ಕೇಳ್ತಾರೆ. ಮೂರ್ ವಾರಕ್ಕೊಂದ್ ಕಿತ ಕೂಗ್ತಾಳೆ, ಗಂಡು ಬೇಕು ಅಂತ. ಬೆನ್ ಮ್ಯಾಲೆ ಕೈ ಇಟ್ಕಂಡು ಕೂತ್ಕತೀನಿ. ಮಧ್ಯಾನದ್ ಹೊತ್ಗೆ ಸುಮ್ಕಾಯ್ತಾಳೆ.'

ಮೂರು ವಾರಕ್ಕೊಮ್ಮೆ ನನಗೊಂದು ಕೆಟ್ಟ ದಿನ ಬರುತ್ತಿತ್ತು. ಬೆಳಗ್ಗೆ ಎದ್ದರೆ ಮೈಯೆಲ್ಲ ಹಸಿವು, ಅನ್ನದ ಹಸಿವಲ್ಲ. ಪಾತ್ರೆ ಎತ್ತಿ ಹಾಕುವುದು, ಕಾಳಿಂಗನ ಮೇಲೆ ಹರಿಹಾಯುವುದು, ಬಾಗಿಲಿಗೆ ಒರಗಿ ಅಳುವುದು. 'ಇವತ್ತು ನಿನ್ನ ದಿನ' ಎಂದು ಅವನು ಬೇಗ ಅಂಗಡಿಗೆ ಓಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಯಾರೋ ಬೆನ್ನು ಸವರಿದ ಹಾಗಾಗಿ ಸಮಾಧಾನವಾಗುತ್ತಿತ್ತು. ಹನ್ನೊಂದು ವರ್ಷ ನನ್ನ ಆಸೆಯ ಬೆನ್ನ ಮೇಲೆ ಅವ್ವನ ಕೈ ಇತ್ತು. ನನಗೆ ಅವಳನ್ನು ಹೊಡೆಯಬೇಕು ಅನ್ನಿಸಿತು, ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಬೇಕು ಅಂತಲೂ ಅನ್ನಿಸಿತು.

ಮಾರನೆಯ ದಿನ ಇಕ್ಕಳ ಹಿಡಿದುಕೊಂಡು ಬಂದೆ. ಕೆಂಪು ಗುರುತು ಎಲ್ಲ ಹೆಣ್ಣುಮರಿಗಳಿಗೂ ಇಳಿಯುವುದಿಲ್ಲ, ಅರ್ಧಕ್ಕರ್ಧ ತಪ್ಪಿಸಿಕೊಳ್ಳುತ್ತವೆ ಎಂದು ಡಾಕ್ಟರು ಹೇಳಿದ್ದರು. ನನ್ನದು ತಪ್ಪಿಸಿಕೊಂಡಿರಲಿ ಎಂದು ಹದಿನೈದು ದಿನ ಒಂದೇ ಜಪ ಮಾಡಿದೆ. ಹದಿನಾರನೆಯ ದಿನ ಡಾಕ್ಟರು ಮತ್ತೆ ಕಾಫಿ ತಂದರು.

'ಇದೆ, ಚಿಕ್ಕತಾಯಿ,' ಅಂದರು. 'ಈ ಗುರುತು ಇರುವ ಹಂದಿಗಳಲ್ಲಿ ಹತ್ತಕ್ಕೆ ನಾಲ್ಕು ಈಯುವಾಗ ಸತ್ತಿವೆ. ಆರು ಬದುಕಿವೆ, ನಿಮ್ಮ ಅಮ್ಮನದ್ದು ಬದುಕಿತಲ್ಲ. ಮನುಷ್ಯರ ಬಗ್ಗೆ ನನ್ನ ನಕ್ಷೆ ಏನೂ ಹೇಳುವುದಿಲ್ಲ. ಮತ್ತೆ ಹನ್ನೊಂದು ವರ್ಷದ ಹಂದಿ, ಒಮ್ಮೆಯೂ ಮರಿ ಹಾಕದ್ದು, ಗಬ್ಬ ನಿಲ್ಲುವುದೇ ಕಷ್ಟ. ಹೆಚ್ಚೆಂದರೆ ಇನ್ನೆರಡು ಮೂರು ಸಲ ಬೆದೆಗೆ ಬಂದೀತು.' ಆಮೇಲೆ ಹಂದಿಗೆ ಮಾತ್ರ ಡಾಕ್ಟರಾದ ಆ ಹೆಂಗಸು ಕನ್ನಡಕ ತೆಗೆದು ಒರೆಸಿಕೊಂಡು, 'ಹಾಗೇನಾದರೂ ಆದ್ರೆ ಹೆರಿಗೆ ಇಲ್ಲಿ ಬೇಡ ಮಾರಾಯ್ತಿ. ರಕ್ತ ಇಟ್ಟಿರುವ ದೊಡ್ಡ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೇನೆ,' ಅಂದರು.

ಕಾಳಿಂಗನಿಗೆ ಎಲ್ಲ ಹೇಳಿದೆ. ಅವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದವನು ಹಾಗೇ ಹಿಡಿದುಕೊಂಡು ಕೂತ. 'ಹತ್ತಕ್ಕೆ ನಾಲ್ಕಾ? ಬ್ಯಾಡ ಕಣೆ. ನಂಗೆ ನೀನ್ ಸಾಕು.'

'ನಂಗೆ ನೀನೊಬ್ನೇ ಸಾಕಾಗಲ್ಲ ಕಣಯ್ಯ, ಬೇಜಾರ್ ಮಾಡ್ಕೋಬ್ಯಾಡ.'

ಅವನು ಬೇಜಾರು ಮಾಡಿಕೊಂಡ, ಎರಡು ದಿನ. ಮೂರನೆಯ ದಿನ ಊಟದ ತಟ್ಟೆಯ ಮುಂದೆ ಕೂತು, 'ನೀನು ಮನಸ್ ಮಾಡಿಯಾದ್ಮೇಲೆ ನಾನ್ ಯಾರು ತಡೆಯಕೆ? ಆದ್ರೆ ನಾನ್ ಜೊತೇಲಿ ಬರಲ್ಲ, ನೋಡಕಾಗಲ್ಲ,' ಅಂದ. ಅಂದವನು ಅನ್ನ ಬಡಿಸಿಕೊಳ್ಳದೆ ಎದ್ದ.

ಆ ತಿಂಗಳು ಹಂದಿ ಕೂಗಿದ ದಿನ ನಾನೊಬ್ಬಳೇ ಅದನ್ನು ಹೊನ್ನಯ್ಯನ ದೊಡ್ಡಿಗೆ ಹೊಡೆದುಕೊಂಡು ಹೋದೆ. ಊರಿನ ಗಂಡುಹಂದಿ ಸುಬೇದಾರ ಇರುವುದು ಅಲ್ಲೇ. ಅವ್ವ ಗಳು ಎತ್ತಿಕೊಡಲಿಲ್ಲ. ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ದಾರಿಯಲ್ಲಿ 'ಮಾರೋ ಹಂದೀನ ಗಂಡಿಗ್ಯಾಕೆ ಹೊಡ್ಕಂಡ್ ಹೋಯ್ತಿದ್ದೀಯೆ?' ಎಂದು ಯಾರೋ ಕೇಳಿದರು. ನಾನು ತಲೆ ತಗ್ಗಿಸಿ ನಡೆದೆ. ಸುಬೇದಾರನಿಗೆ ವಯಸ್ಸಿನ ಯೋಚನೆ ಇರಲಿಲ್ಲ. ಹೊನ್ನಯ್ಯ ಮಾತ್ರ ಹಂದಿಯ ನರೆ ನೋಡಿ 'ನಿಂತ್ರೆ ದೇವ್ರ ದಯ' ಅಂದ.

ಗಬ್ಬ ನಿಂತಿದೆಯೋ ಇಲ್ಲವೋ ಎಂದು ತಿಳಿಯುವುದು ಇಪ್ಪತ್ತೊಂದನೆಯ ದಿನ. ಅಂದು ಹಂದಿ ಮತ್ತೆ ಕೂಗಿದರೆ ನಿಂತಿಲ್ಲ. ಸುಮ್ಮನೆ ಮಲಗಿದ್ದರೆ ನಿಂತಿದೆ. ಆ ದಿನ ಬೆಳಗ್ಗೆಯೇ ನಾನು ಅವ್ವನ ಹಿತ್ತಲಿಗೆ ಹೋದೆ. ಅವಳು ಆಗಲೇ ದೊಡ್ಡಿಯ ಒಳಗೆ ಹಂದಿಯ ಪಕ್ಕದಲ್ಲಿ ಕುಳಿತಿದ್ದಳು. ನಾನು ಇನ್ನೊಂದು ಬದಿಗೆ ಕುಳಿತೆ.

ನಾವಿಬ್ಬರೂ ಒಂದೇ ದೇವರಿಗೆ ಹರಕೆ ಹೊತ್ತಿದ್ದೆವು. ಅವಳು ಹಂದಿ ಕೂಗಲಿ ಎಂದು, ನಾನು ಕೂಗದಿರಲಿ ಎಂದು. ಕೂಗಿದರೆ ಮಗಳು ಉಳಿಯುತ್ತಾಳೆ ಎಂಬುದು ಅವಳ ಲೆಕ್ಕ. ಕೂಗದಿದ್ದರೆ ನನ್ನ ಹೊಟ್ಟೆಯಲ್ಲಿ ಒಂದು ಜೀವ. ನಾವು ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಅವ್ವ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟಳು, ತಿಂದೆ. ನನ್ನ ತಲೆಯಲ್ಲಿ ಸಿಕ್ಕು ಬಿಡಿಸಿದಳು, ಬಿಡಿಸಿಕೊಂಡೆ. ಹಂದಿ ಮಗ್ಗುಲು ಬದಲಾಯಿಸಿದಾಗ ಇಬ್ಬರೂ ಉಸಿರು ಹಿಡಿದೆವು. ಅದು ಮತ್ತೆ ಮಲಗಿತು. ಹನ್ನೆರಡಾಯಿತು, ಒಂದಾಯಿತು. ಎರಡು ಗಂಟೆಯ ಹೊತ್ತಿಗೆ ನಾನು ಮನಸ್ಸಿನಲ್ಲಿ ಹೆಸರು ಹುಡುಕಲು ಶುರುಮಾಡಿದ್ದೆ. ಹೆಣ್ಣಾದರೆ ಅಕ್ಕನ ಹೆಸರು ಇಡಬಾರದು, ಹೊಸದೊಂದು ಇಡಬೇಕು ಎಂದುಕೊಂಡೆ. ಅವ್ವನ ಮುಖ ಬಿಳಿಚಿಕೊಂಡಿತ್ತು. ಅವಳು ಐದು ತಿಂಗಳು ಎಣಿಸುತ್ತಿದ್ದಾಳೆ ಎಂದು ನನಗೆ ತಿಳಿಯಿತು.

ಮೂರು ಗಂಟೆಗೆ ಹಂದಿ ಎದ್ದು ನಿಂತಿತು. ಗಳುಗಳ ಹತ್ತಿರ ಹೋಗಿ, ಮೂತಿ ಮೇಲೆತ್ತಿ, ಉದ್ದಕ್ಕೆ ಕೂಗಿತು.

ಆ ಕೂಗು ನನ್ನ ಹೊಟ್ಟೆಯೊಳಗೇ ಎದ್ದಂತಾಯಿತು. ಎಂದೂ ಹುಟ್ಟದ ಕೂಸಿಗಾಗಿ ಹೀಗೂ ಅಳಬಹುದು ಅಂತ ನನಗೆ ಗೊತ್ತಿರಲಿಲ್ಲ. ಮಣ್ಣಿನಲ್ಲಿ ಮುಖ ಇಟ್ಟು ಅತ್ತೆ. ಅವ್ವ ಗೆದ್ದಳು, ದೇವರು ಅವಳ ಹರಕೆ ಕೇಳಿದ, ಇನ್ನು ಎದ್ದು ದೀಪ ಹಚ್ಚುತ್ತಾಳೆ ಎಂದುಕೊಂಡೆ. ತಲೆ ಎತ್ತಿದಾಗ ಅವಳ ಕೈ ರೂಢಿಯಂತೆ ಹಂದಿಯ ಬೆನ್ನಿನ ಕಡೆ ಹೋಗಿತ್ತು, ಅರ್ಧದಲ್ಲೇ ನಿಂತಿತ್ತು. ಅವಳು ಹಂದಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಹನ್ನೊಂದು ವರ್ಷ ನಾನು ಮನೆಯಲ್ಲಿ ಬಾಗಿಲಿಗೆ ಒರಗಿ ಅತ್ತದ್ದನ್ನು ಅವಳು ಒಂದು ದಿನವೂ ಕಂಡಿರಲಿಲ್ಲ.

ಹಂದಿ ಮತ್ತೆ ಕೂಗಿತು. ಅವ್ವ ಕೈ ಹಿಂದಕ್ಕೆ ತೆಗೆದುಕೊಂಡಳು.

'ಕೂಗ್ಲಿ ಬುಡು,' ಅಂದಳು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, ಮೂಲೆಯಲ್ಲಿದ್ದ ಹಗ್ಗ ತೆಗೆದು ಹಂದಿಯ ಮುಂಗಾಲ ಹಿಂದೆ ಬಿಗಿದಳು. 'ಏಳು. ಮುಖ ತೊಳ್ಕೊ.'

'ಎಲ್ಲಿಗವ್ವ?'

'ಹೊನ್ನಯ್ಯನ್ ದೊಡ್ಡಿಗೆ. ಹೊತ್ತಿಳಿಯದ್ರೊಳ್ಗೆ ಹೋಗನ.'

ನಾನು ಹಗ್ಗಕ್ಕೆ ಕೈಯೊಡ್ಡಿದೆ. 'ನೀನ್ ಬುಡು, ನಾನ್ ಹಿಡ್ಕತೀನಿ,' ಅಂತ ಅವ್ವ ತಾನೇ ಗಳು ಎಳೆದಳು. ಒಂದು, ಎರಡು, ಮೂರು, ಒಂದೊಂದನ್ನೂ ಎಳೆದು ಪಕ್ಕಕ್ಕೆಸೆದಳು. ಬೀದಿಗೆ ಬಂದಾಗ ಜಗಲಿಯ ಮೇಲಿನ ಹೆಂಗಸರೆಲ್ಲ ಎದ್ದು ನಿಂತರು. 'ಮಲ್ಲಾಜಮ್ಮ, ಯಾರ್ ಹಂದಿ ಅದು?' ಎಂದು ಒಬ್ಬಳು ಕೂಗಿ ಕೇಳಿದಳು.

'ನನ್ ಮಗಳ್ದು,' ಅಂದಳು ಅವ್ವ, ಇಡೀ ಬೀದಿಗೆ ಕೇಳುವ ಹಾಗೆ. ಹಗ್ಗವನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಅವಳು ನಡಿಗೆ ನಿಧಾನ ಮಾಡಲಿಲ್ಲ.